ಪುಸ್ತಕ ಬಿಟ್ಟು ಕಂಬಳಿ ತಂದ ಹುಡುಗ

ನಮ್ಮ ಮನೆಯಲ್ಲಿ ಕಂಬಳಿ ಮಾರಿದ ದುಡ್ಡಲ್ಲಿ ನೋಟ್‌ಬುಕ್ ಬರುತ್ತಿತ್ತು. ಅದಕ್ಕೇ ಇರಬೇಕು, ಪುಸ್ತಕದ ದುಡ್ಡಲ್ಲಿ ಕಂಬಳಿ ತಂದ ಹುಡುಗನನ್ನು ನೋಡಿ ನಾನು ಅಷ್ಟೊಂದು ಅತ್ತಿದ್ದು.

ಆ ಹುಡುಗನ ಹೆಸರು ರಾಮು. ಸಿನಿಮಾ ‘ಬೆಟ್ಟದ ಹೂವು’. ತೆರೆಗೆ ಬಂದಿದ್ದು 1985ರಲ್ಲಿ. ನಮ್ಮ ಕಡೆಗೆ ಬರುವ ಹೊತ್ತಿಗೆ 1986ರ ನಾಯಕನಹಟ್ಟಿ ಜಾತ್ರೆ ಆಗಿತ್ತು.

ಸಿನಿಮಾದ ಮಾತಿಗೆ ಮುಂಚೆ ಕಂಬಳಿಯ ಮಾತು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ನನ್ನ ಅಳು ಅರ್ಥ ಆಗುವುದಿಲ್ಲ.

ನಮ್ಮೂರು ಚಳ್ಳಕೆರೆ ತಾಲ್ಲೂಕಿನಲ್ಲಿ. ಪೂರಾ ಬಯಲುಸೀಮೆ. ಮಳೆ ಕಮ್ಮಿ, ಶೇಂಗಾ ಮತ್ತು ಕುರಿ ಜಾಸ್ತಿ. ನಮ್ಮ ಬೀದಿ ಒಂದರಲ್ಲೇ ಆಗ ಹನ್ನೊಂದು ಮಗ್ಗ ಇದ್ದವು. ಎಲ್ಲವೂ ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಉಣ್ಣೆ ಹಿಂಜುವುದು, ನೂಲುವುದು ಹೆಂಗಸರ ಕೆಲಸ. ನೇಯುವುದು ಗಂಡಸರ ಕೆಲಸ. ಮಕ್ಕಳಿಗೆ ಮಿಕ್ಕಿದ್ದೆಲ್ಲ.

ನನ್ನ ಪಾಲಿಗೆ ಬಂದದ್ದು ಹುಣಸೆ ಬೀಜ. ಬೀಜ ಹುರಿದು, ಸಿಪ್ಪೆ ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ದೊಡ್ಡ ಪಾತ್ರೆಯಲ್ಲಿ ಕುದಿಸಿದರೆ ಗಂಜಿ ಆಗುತ್ತದೆ. ಹಾಸಿನ ನೂಲನ್ನು ಬೀದಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಅದರ ಮೇಲೆ ಈ ಗಂಜಿ ಬಳಿದು, ಕುಂಚದಿಂದ ತೀಡಿ, ಬಿಸಿಲಿಗೆ ಒಣಗಿಸುತ್ತಾರೆ. ಆಗ ನೂಲು ಬಿಗಿಯಾಗುತ್ತದೆ. ಮಗ್ಗದಲ್ಲಿ ಕಿತ್ತುಹೋಗುವುದಿಲ್ಲ. ಹೊಸ ಕಂಬಳಿ ರಟ್ಟಿನ ಥರ ನಿಲ್ಲುವುದು ಇದರಿಂದಲೇ. ಸಿಪ್ಪೆ ಬಿಡಿಸಿ ಬಿಡಿಸಿ ನನ್ನ ಉಗುರಿನ ಸಂದೆಲ್ಲ ಕಂದು ಬಣ್ಣ. ಶಾಲೆಯಲ್ಲಿ ಸ್ಲೇಟು ಹಿಡಿದರೆ ಕೈಯಿಂದ ಹುರಿದ ಬೀಜದ ವಾಸನೆ ಬರುತ್ತಿತ್ತು.

ಅಪ್ಪನಿಗೆ ಒಂದು ಕಂಬಳಿ ನೇಯೋಕೆ ಎರಡು ದಿನ, ಕೆಲವು ಸಲ ಮೂರು ದಿನ. ಅದಕ್ಕೆ ಬೇಕಾದ ನೂಲು ನೂಲೋಕೆ ಅವ್ವನಿಗೆ ಅದಕ್ಕಿಂತ ಜಾಸ್ತಿ ದಿನ. 1985ರ ದೀಪಾವಳಿ ಹೊತ್ತಿಗೆ ಅವ್ವನಿಗೆ ದಮ್ಮು ಶುರುವಾಯಿತು. ಉಣ್ಣೆ ಹಿಂಜುವ ಧೂಳು ಹತ್ತಿರ ಬಂದರೆ ಸಾಕು, ಉಸಿರು ಕಟ್ಟುತ್ತಿತ್ತು. ನೂಲುವವರು ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಒಲೆ ನಿಲ್ಲುತ್ತದೆ. ಅಕ್ಕ ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟು ರಾಟೆ ಮುಂದೆ ಕೂತಳು. ಯಾರೂ ಅವಳಿಗೆ ಬಿಡು ಅಂತ ಹೇಳಲಿಲ್ಲ. ಒಂದು ದಿನ ಬ್ಯಾಗು ಗೂಟಕ್ಕೆ ನೇತು ಹಾಕಿದಳು, ಆಮೇಲೆ ಇಳಿಸಲಿಲ್ಲ. ಅಷ್ಟೇ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ನಮ್ಮ ಕಡೆಯ ದೊಡ್ಡ ಜಾತ್ರೆ. ಬೇಸಿಗೆ ಕಾಲಿಡುವ ಹೊತ್ತಿಗೆ ಬರುತ್ತದೆ. ತೇರು ಎಳೆಯುವ ದಿನ ಜನ ಕೊಬ್ಬರಿ ಸುಡುತ್ತಾರೆ. ಆ ಹೊಗೆ, ಆ ಎಣ್ಣೆ ವಾಸನೆ, ಕಾಲಡಿಯ ಧೂಳು, ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಅಪ್ಪ ಪ್ರತಿ ವರ್ಷ ಅಲ್ಲಿ ಗೋಣಿಚೀಲ ಹಾಸಿ ಕಂಬಳಿ ಜೋಡಿಸುತ್ತಿದ್ದ. ಆ ವರ್ಷ ಅಕ್ಕ, ನಾನು, ತಮ್ಮ ಮೂವರೂ ಜೊತೆಗೆ ಹೋಗಿದ್ದೆವು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಂಬಳಿ ಹೋದವು. ಅಪ್ಪ ಖುಷಿಯಲ್ಲಿದ್ದ. ಸಂಜೆ ಟೆಂಟ್ ಕಡೆಯಿಂದ ‘ನಮೋ ವೆಂಕಟೇಶ’ ಹಾಡು ಕೇಳಿತು. ಅಂದರೆ ಟಿಕೆಟ್ ಕೊಡುತ್ತಿದ್ದಾರೆ ಅಂತ ಅರ್ಥ. ಅಪ್ಪ ಅಕ್ಕನ ಕೈಗೆ ಚಿಲ್ಲರೆ ಕೊಟ್ಟು, ‘ಇವರಿಬ್ಬರನ್ನೂ ಕರ್ಕಂಡು ಹೋಗವ್ವ, ರಾಜ್‌ಕುಮಾರ್ ಮಗನ ಪಿಕ್ಚರಂತೆ’ ಅಂದ.

ಟೆಂಟಿನಲ್ಲಿ ನಾವು ಕೂತದ್ದು ನೆಲದಲ್ಲಿ, ಮರಳ ಮೇಲೆ. ಅಕ್ಕ ಹೊದ್ದುಕೊಂಡು ಬಂದಿದ್ದ ಹಳೇ ಕಂಬಳಿ ಹಾಸಿದಳು. ತಮ್ಮ ಮೊದಲ ರೀಲಿಗೇ ನಿದ್ದೆ ಹೋದ. ಹೊರಗೆ ಜನರೇಟರ್ ಸದ್ದು. ಪರದೆ ಗಾಳಿಗೆ ಸ್ವಲ್ಪ ಅಲ್ಲಾಡುತ್ತಿತ್ತು, ಅದರ ಜೊತೆಗೆ ಪರದೆಯ ಬೆಟ್ಟವೂ ಅಲ್ಲಾಡುತ್ತಿತ್ತು.

ಅಷ್ಟು ಹಸಿರನ್ನು ನಾನು ನೋಡಿದ್ದೇ ಅವತ್ತು. ನಮಗೆ ಬೆಟ್ಟ ಅಂದರೆ ಬಂಡೆ, ಅದರ ಮೇಲೆ ಒಣಗಿದ ಹುಲ್ಲು. ಇಲ್ಲಿ ಮರದ ಮೇಲೆ ಹೂವು ಬಿಟ್ಟಿದೆ! ಒಬ್ಬ ಹುಡುಗ ಕಾಡೆಲ್ಲ ಅಲೆದು ಅದನ್ನು ಹುಡುಕುತ್ತಾನೆ. ಶರ್ಲಿ ಮೇಡಂ ಅನ್ನುವ ವಿದೇಶದ ಹೆಂಗಸಿಗೆ ತಂದು ಕೊಡುತ್ತಾನೆ. ಅವರು ಕಾಸು ಕೊಡುತ್ತಾರೆ. ಹುಡುಗನಿಗೆ ಓದಬೇಕು ಅಂತ ಆಸೆ, ಮನೆಯಲ್ಲಿ ಬಡತನ. ಶಾಲೆ ತಪ್ಪುತ್ತದೆ. ಆದರೂ ಅವನು ಒಂದು ಪುಸ್ತಕದ ಮೇಲೆ ಆಸೆ ಇಟ್ಟುಕೊಂಡಿದ್ದಾನೆ. ಕುವೆಂಪು ಬರೆದ ‘ಶ್ರೀ ರಾಮಾಯಣ ದರ್ಶನಂ’. ಅದನ್ನು ಕೊಳ್ಳೋಕೆ ಒಂದೊಂದೇ ಕಾಸು ಕೂಡಿಡುತ್ತಾನೆ.

ಈ ಕೂಡಿಡುವುದು ಇದೆಯಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಸಾಸಿವೆ ಡಬ್ಬಿಯೊಳಗೆ ಇನ್ನೊಂದು ಪುಟ್ಟ ಡಬ್ಬಿ ಇತ್ತು. ಅದರಲ್ಲಿ ಕಾಸು. ತೆಗೆದು ಎಣಿಸುವಾಗ ಕಾಸಿಗೆಲ್ಲ ಸಾಸಿವೆ ಅಂಟಿರುತ್ತಿತ್ತು. ಜೂನ್ ತಿಂಗಳ ನೋಟ್‌ಬುಕ್ಕಿಗೆ ಜನವರಿಯಿಂದ ಕೂಡಿಡಬೇಕಿತ್ತು. ಹಾಗಾಗಿ ರಾಮು ಕಾಸು ಕೂಡಿಡುವಾಗ ನಾನೂ ಅವನ ಜೊತೆ ಎಣಿಸುತ್ತಿದ್ದೆ. ಇನ್ನು ಸ್ವಲ್ಪ. ಇನ್ನು ಸ್ವಲ್ಪ. ಬರೀ ಒಂದು ಪುಸ್ತಕಕ್ಕೆ ಟೆಂಟ್ ತುಂಬ ಜನ ಉಸಿರು ಹಿಡಿದು ಕೂತಿದ್ದರು. ಅವರಲ್ಲಿ ಎಷ್ಟೋ ಜನಕ್ಕೆ ಓದೋಕೆ ಬರುತ್ತಿರಲಿಲ್ಲ.

ಕೊನೆಗೆ ದುಡ್ಡು ಕೂಡುತ್ತದೆ. ಆಗ ಅವನಿಗೆ ಚಳಿಯಲ್ಲಿ ನಡುಗುವ ಮನೆಯವರು ಕಾಣುತ್ತಾರೆ. ಅವನು ಪುಸ್ತಕ ಬಿಟ್ಟು ಕಂಬಳಿ ಕೊಳ್ಳುತ್ತಾನೆ.

ನಮ್ಮ ಹಿಂದೆ ಕೂತಿದ್ದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಎಂಥಾ ಮಗನಪ್ಪ, ಹುಟ್ಟಿದರೆ ಇಂಥಾ ಮಗ ಹುಟ್ಟಬೇಕು’ ಅಂದರು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ನನಗೆ ಅವನು ಒಳ್ಳೆ ಮಗ ಅಂತ ಅಳು ಬಂದಿರಲಿಲ್ಲ. ಆ ಪುಸ್ತಕ ಅಂಗಡಿಯಲ್ಲೇ ಉಳಿಯಿತಲ್ಲ ಅಂತ ಅಳು ಬಂದಿತ್ತು. ಅದೂ ಹೋಗಿ ಹೋಗಿ ಕಂಬಳಿಗೆ. ನಮ್ಮ ಮನೆ ತುಂಬ ಇರುವ, ಹಾಸಿಕೊಂಡು ಕೂತಿರುವ, ಚುಚ್ಚುವ ಕಂಬಳಿಗೆ. ನಮ್ಮ ಮನೆಗೆ ಬಂದಿದ್ದರೆ ನಾವೇ ಒಂದು ಕೊಡುತ್ತಿದ್ದೆವು ಅಂತ ನನಗೆ ನಿಜವಾಗಿ ಅನ್ನಿಸಿತು.

ಅಕ್ಕ ಅಳಲಿಲ್ಲ. ‘ಏಳೇ, ಜನ ತುಳಿದಾರು’ ಅಂದು, ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು, ಕಂಬಳಿಯ ಮರಳು ಕೊಡವಿ ಎದ್ದಳು.

ಅಪ್ಪ ಗೋಣಿಚೀಲದ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ನನ್ನ ಮುಖ ನೋಡಿ ಏನಾಯ್ತು ಅಂದ. ನಾನು ಕಥೆ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. ‘ಕಂಬಳಿ ಎಷ್ಟಕ್ಕೆ ಕೊಟ್ಟರಂತೆ?’ ನೇಯುವವನ ಪ್ರಶ್ನೆ ಅದು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಸರಿಯಾಗೇ ಮಾಡಿದಾನೆ ಬಿಡು. ಪುಸ್ತಕ ಹೊದ್ದುಕೊಳ್ಳೋಕೆ ಆಗುತ್ತಾ?’ ಅಂದ. ಅಕ್ಕ ಆಗ ಅಪ್ಪನ ಬೆನ್ನ ಹಿಂದೆ ಮಿಕ್ಕ ಕಂಬಳಿಗಳನ್ನು ಮಡಚುತ್ತಿದ್ದಳು. ಅವಳು ಒಂದು ಕ್ಷಣ ಕೈ ನಿಲ್ಲಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಆಮೇಲೆ ಮತ್ತೆ ಮಡಚಿದಳು.

ಆ ಮೇಲೆ ಅದೇ ಸಿನಿಮಾ ಎಷ್ಟು ಸಲ ನೋಡಿದೆನೋ. ಟೀಚರ್ ಆಗೋಕೆ ಟಿಸಿಎಚ್ ಓದುವಾಗ ಹಾಸ್ಟೆಲಿನ ಕಪ್ಪು ಬಿಳುಪು ಟಿವಿಯಲ್ಲಿ ದೂರದರ್ಶನದವರು ಹಾಕಿದಾಗ ಒಂದು ಸಲ. ಹಸಿರು ಬೆಟ್ಟ ಬೂದಿ ಬಣ್ಣದಲ್ಲಿ ಕಂಡಿತು, ಆದರೂ ಬಿಡಲಿಲ್ಲ. ದೊಡ್ಡವಳಾದ ಮೇಲೆ ಸಿನಿಮಾದ ಬಗ್ಗೆ ಓದಿ ತಿಳಿದುಕೊಂಡೆ. ಮೂಲ ಕಥೆ ಶರ್ಲಿ ಎಲ್. ಅರೋರಾ ಅನ್ನುವವರು ಇಂಗ್ಲಿಷಿನಲ್ಲಿ ಬರೆದ ‘ವಾಟ್ ದೆನ್, ರಾಮನ್?’ ಅನ್ನುವ ಮಕ್ಕಳ ಕಾದಂಬರಿ. ಸಿನಿಮಾದ ಶರ್ಲಿ ಮೇಡಂಗೆ ಆ ಲೇಖಕಿಯ ಹೆಸರೇ ಇದೆ. ಎನ್. ಲಕ್ಷ್ಮೀನಾರಾಯಣ ಅದನ್ನು ಕನ್ನಡಕ್ಕೆ ತಂದರು. 1964ರಲ್ಲಿ ‘ನಾಂದಿ’ ಮಾಡಿದವರು, ತೇಜಸ್ವಿಯವರ ಕಥೆಯಿಂದ ‘ಅಬಚೂರಿನ ಪೋಸ್ಟಾಫೀಸು’ ಮಾಡಿದವರು ಇವರೇ. ದೊಡ್ಡ ದನಿಯಲ್ಲಿ ಮಾತಾಡದ ನಿರ್ದೇಶಕರು. ಸಂಗೀತ ರಾಜನ್–ನಾಗೇಂದ್ರ. ರಾಮು ಆಗಿ ಮಾಡಿದ ಹುಡುಗನಿಗೆ ಅತ್ಯುತ್ತಮ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಬಂತು. ಪುನೀತ್ ರಾಜ್‌ಕುಮಾರ್. ಹುಟ್ಟಿದ್ದು 1975ರಲ್ಲಿ. ನಾನೂ ಅದೇ ವರ್ಷ ಹುಟ್ಟಿದವಳು.

ಇದರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ನಿರ್ದೇಶಕರು ಆರಿಸಿದ ಪುಸ್ತಕ. ಬಡ ಹುಡುಗನಿಗೆ ಒಂದು ಚಿತ್ರದ ಪುಸ್ತಕ, ಒಂದು ನೀತಿಕಥೆ ಸಾಕಾಗುತ್ತಿತ್ತು ಅಲ್ವಾ? ಅವರು ಕೊಟ್ಟದ್ದು ಕನ್ನಡದ ದೊಡ್ಡ ಪುಸ್ತಕದ ಆಸೆ. 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಜ್ಞಾನಪೀಠ ಪಡೆದ ಪುಸ್ತಕ. 22 ಸಾವಿರಕ್ಕೂ ಜಾಸ್ತಿ ಸಾಲು. ಹೂವು ಮಾರುವ ಹುಡುಗ ಆಸೆಪಟ್ಟರೆ ಇಂಥದ್ದಕ್ಕೇ ಆಸೆಪಡಲಿ ಅಂತ ಯಾರೋ ಒಬ್ಬರು ಯೋಚಿಸಿದ್ದಾರೆ. ನನಗೆ ಅದು ಬಹಳ ದೊಡ್ಡ ಮರ್ಯಾದೆ ಅನ್ನಿಸುತ್ತದೆ. ರಾಮುಗೆ ಕೊಟ್ಟ ಮರ್ಯಾದೆ.

ನಾನು ಆ ಪುಸ್ತಕ ಕೊಂಡದ್ದು ಮೊದಲ ಸಂಬಳದಲ್ಲಿ. 1998ರಲ್ಲಿ, ಚಿತ್ರದುರ್ಗದಲ್ಲಿ. ಅಂಗಡಿಯವರು ಮೇಲಿನ ಹಲಗೆಯಿಂದ ತೆಗೆದು, ಬಟ್ಟೆಯಿಂದ ಧೂಳು ಒರೆಸಿ ಕೊಟ್ಟರು. ಕೈಯಲ್ಲಿ ಹಿಡಿದಾಗ ಭಾರ. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ತೆಗೆದೆ. ಮೊದಲಿಗೇ ಒಂದು ಅರ್ಪಣೆ. ಗುರುವೇ, ಇದೋ ಮುಗಿಸಿ ತಂದಿದ್ದೇನೆ, ನಿಮ್ಮ ಪಾದಕ್ಕೆ ಒಪ್ಪಿಸುತ್ತಿದ್ದೇನೆ ಅನ್ನುವ ಅರ್ಥದ ಸಾಲುಗಳು. ಬರೆದು ಮುಗಿಸುವ ಹೊತ್ತಿಗೆ ಆ ಗುರು ಬದುಕಿರಲಿಲ್ಲ. ಅವರು ತೀರಿಕೊಂಡಿದ್ದು 1939ರಲ್ಲಿ. ಗುರುವಿನ ಹೆಸರು ಟಿ.ಎಸ್. ವೆಂಕಣ್ಣಯ್ಯ.

ಟಿ ಅಂದರೆ ತಳುಕು. ತಳುಕು ನಮ್ಮ ತಾಲ್ಲೂಕಿನ ಊರು! ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೋಗುವ ರಸ್ತೆಯಲ್ಲಿ ಇದೆ. ಅಪ್ಪನ ಜೊತೆ ಉಣ್ಣೆ ತರೋಕೆ ಎಷ್ಟೋ ಸಲ ಆ ಊರಿನ ಮೇಲೆ ಹೋಗಿದ್ದೆ. ಬಸ್ಸು ನಿಲ್ಲುತ್ತಿತ್ತು, ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ರಾಮು ಅಷ್ಟು ಆಸೆಪಟ್ಟ ಪುಸ್ತಕ ನಮ್ಮ ಕಡೆಯ ಒಬ್ಬ ಮೇಷ್ಟ್ರ ಹೆಸರಿನಿಂದ ಶುರುವಾಗುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ನಾನು ಆ ಬೆಂಚಿನ ಮೇಲೆ ಕೂತು ಎರಡು ಬಸ್ ಬಿಟ್ಟೆ.

ಓದೋಕೆ ಕಷ್ಟ. ಅದನ್ನು ಮುಚ್ಚಿಡುವುದಿಲ್ಲ. ಹಳಗನ್ನಡದ ನಡೆ, ಉದ್ದುದ್ದ ಸಾಲು. ಮೊದಲ ಸಲ ಇಪ್ಪತ್ತು ಪುಟಕ್ಕೆ ನಿಂತೆ. ಒಬ್ಬರು ಹಿರಿಯ ಮೇಷ್ಟ್ರು ಹೇಳಿದರು, ‘ಕಣ್ಣಲ್ಲಿ ಓದಬೇಡಮ್ಮ, ಬಾಯಲ್ಲಿ ಓದು’ ಅಂತ. ಜೋರಾಗಿ ಓದಿದೆ. ಆಗ ಬಿಟ್ಟುಕೊಟ್ಟಿತು. ಪೂರ್ತಿ ಮುಗಿಸೋಕೆ ನಾಲ್ಕು ವರ್ಷ ಹಿಡಿಯಿತು. ಓದುವಾಗೆಲ್ಲ ರಾಮು ನೆನಪಾಗುತ್ತಿದ್ದ. ಅವನ ಕೈಗೆ ಸಿಕ್ಕಿದ್ದರೆ ಅವನೂ ಇಲ್ಲೇ ಎಡವುತ್ತಿದ್ದನಾ? ಎಡವಿದರೂ ಬಿಡುತ್ತಿರಲಿಲ್ಲ. ಕಾಡು ಹತ್ತಿ ಹೂವು ತರುವವನು, ಪದ ಬಿಡುತ್ತಾನಾ?

ನಾನೀಗ ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಟೀಚರ್. ಬೆಳಿಗ್ಗೆ ಪ್ರಾರ್ಥನೆಗೆ ನಮ್ಮ ಮಕ್ಕಳು ಹಾಡುವುದು ‘ತಾಯಿ ಶಾರದೆ’. ಅದೂ ಇದೇ ಸಿನಿಮಾದ್ದು. ಚಿ. ಉದಯಶಂಕರ್ ಬರೆದದ್ದು. ಮಕ್ಕಳಿಗೆ ಅದು ಸಿನಿಮಾ ಹಾಡು ಅಂತಲೇ ಗೊತ್ತಿಲ್ಲ. ಶಾಲೆಯ ಹಾಡು ಅಂದುಕೊಂಡಿದ್ದಾರೆ. ನಾನೂ ತಿದ್ದೋಕೆ ಹೋಗಿಲ್ಲ.

ಶೇಂಗಾ ಕೀಳುವ ಕಾಲಕ್ಕೆ ನನ್ನ ಕ್ಲಾಸು ಅರ್ಧ ಖಾಲಿ ಆಗುತ್ತದೆ. ಒಂದು ವಾರ ಬಿಟ್ಟು ಬಂದ ಹುಡುಗಿಯನ್ನು ಯಾಕಮ್ಮ ಬರಲಿಲ್ಲ ಅಂದರೆ, ‘ಪಾಪು ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ ಮಿಸ್’ ಅನ್ನುತ್ತಾಳೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಎಲ್ಲರ ಹಾಗೆ ‘ಎಷ್ಟು ಒಳ್ಳೆ ಹುಡುಗಿ ನೀನು’ ಅನ್ನುತ್ತಿದ್ದೆ. ಒಂದು ದಿನ ಹಾಗೆ ಅಂದ ತಕ್ಷಣ ಟೆಂಟಿನಲ್ಲಿ ಹಿಂದೆ ಕೂತಿದ್ದ ಹೆಂಗಸರ ದನಿ ಕಿವಿಗೆ ಬಿತ್ತು. ಎಂಥಾ ಮಗನಪ್ಪ. ಅವತ್ತಿಗೆ ಬಿಟ್ಟೆ. ಈಗ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಯಾವ ಪಾಠ ತಪ್ಪಿತು ಅಂತ ನೋಡುತ್ತೇನೆ. ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಅದನ್ನು ಮತ್ತೆ ಮಾಡುತ್ತೇನೆ. ಒಬ್ಬಳಿಗೇ ಆದರೂ ಸರಿ.

ಆ ಸಿನಿಮಾ ತ್ಯಾಗದ ಕಥೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರಾಮು ಕಂಬಳಿ ತಂದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಚಳಿಗೆ ನಡುಗುವವರನ್ನು ಬಿಟ್ಟು ಪುಸ್ತಕ ತರೋಕೆ ಯಾರಿಗೆ ಆಗುತ್ತದೆ? ಆದರೆ ಹತ್ತು ವರ್ಷದ ಹುಡುಗನಿಗೆ ಇದಾ, ಅದಾ ಅಂತ ಆರಿಸುವ ಹೊತ್ತು ಬಂತಲ್ಲ, ಸಿನಿಮಾ ತೋರಿಸಿದ್ದು ಅದನ್ನು. ಅವನ ಆಸೆ ಎಷ್ಟು ದೊಡ್ಡದು ಅಂತ ನಮಗೆ ಎರಡು ಗಂಟೆ ತೋರಿಸಿ, ಆಮೇಲೆ ಅದನ್ನು ಕೈಬಿಡುವುದು ತೋರಿಸಿದರು. ಸುಮ್ನೆ ಹೊಗಳಿ ಎದ್ದು ಹೋಗಲಿ ಅಂತ ಅಲ್ಲ. ಅವನಿಗೆ ಏನು ಬೇಕಿತ್ತು ಅನ್ನುವುದು ನಮ್ಮ ಮನಸ್ಸಲ್ಲಿ ಉಳಿಯಲಿ ಅಂತ.

2021ರ ಅಕ್ಟೋಬರ್ 29, ಶುಕ್ರವಾರ. ಕೊರೋನಾ ಆದ ಮೇಲೆ ಒಂದರಿಂದ ಐದನೇ ಕ್ಲಾಸು ಶುರುವಾಗಿ ಇನ್ನೂ ಒಂದು ವಾರ ಆಗಿರಲಿಲ್ಲ. ಮಕ್ಕಳು ಮನೆಗೆ ಹೋಗಿದ್ದರು. ನಾನು ಹಾಜರಿ ಪುಸ್ತಕ ಬರೆಯುತ್ತಿದ್ದೆ. ಜೊತೆಯ ಮೇಷ್ಟ್ರು ಫೋನ್ ಹಿಡಿದು ಬಾಗಿಲಲ್ಲಿ ನಿಂತರು. ‘ಮೇಡಂ, ಅಪ್ಪು ಹೋಗಿಬಿಟ್ಟರಂತೆ’ ಅಂದರು. ನನ್ನ ಕಣ್ಣಿಗೆ ಬಂದದ್ದು ಆ ದೊಡ್ಡ ನಟ ಅಲ್ಲ, ಕುಣಿತ ಅಲ್ಲ, ಫೈಟ್ ಅಲ್ಲ. ಬೆಟ್ಟದ ದಾರಿಯಲ್ಲಿ ಹಾಡುತ್ತಾ ಹೋಗುವ ಹುಡುಗ. ‘ಬಿಸಿಲೇ ಇರಲಿ’ ಅಂತ ಅವನೇ ತನ್ನ ದನಿಯಲ್ಲಿ ಹಾಡಿದ್ದು. 46 ವರ್ಷ. ನನ್ನ ವಯಸ್ಸು.

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ, ಅಪ್ಪ ಅಮ್ಮನ ಸಮಾಧಿ ಇರುವ ಕಡೆಯೇ ಮಣ್ಣು ಮಾಡಿದರು. ಟಿವಿಯಲ್ಲಿ ನೋಡಿದೆ. ಮನೆಯಲ್ಲಿ ಕೂರೋಕೆ ಆಗಲಿಲ್ಲ. ಚಳ್ಳಕೆರೆ ಬಸ್ ಹತ್ತಿ ಅಕ್ಕನ ಊರಿಗೆ ಹೋದೆ.

ಅಕ್ಕನನ್ನು ಕೊಟ್ಟದ್ದೂ ಮಗ್ಗದ ಮನೆಗೇ. ಭಾವ ತೀರಿಕೊಂಡು ಏಳೆಂಟು ವರ್ಷ ಆಗಿತ್ತು. ಮಗ್ಗದ ಗುಂಡಿ ಮುಚ್ಚಿ ಅದರ ಮೇಲೆ ಅಕ್ಕಿ ಡ್ರಮ್ಮು ಇಟ್ಟಿದ್ದಾರೆ. ರಾಟೆ ಮಾತ್ರ ಮೂಲೆಯಲ್ಲಿ ಇದೆ. ನಮ್ಮ ತವರಿನ ಬೀದಿಯ ಹನ್ನೊಂದು ಮಗ್ಗದಲ್ಲಿ ಈಗ ಉಳಿದಿರುವುದು ಎರಡು. ಬಣ್ಣದ ರಗ್ಗು ಕಮ್ಮಿ ದುಡ್ಡಿಗೆ ಸಿಗುವಾಗ ಚುಚ್ಚುವ ಕಂಬಳಿ ಯಾರು ತಗೋತಾರೆ? ಮದುವೆಗೆ, ದೇವರ ಕೆಲಸಕ್ಕೆ ಗದ್ದುಗೆ ಹಾಸೋಕೆ ಬೇಕು ಅಂತ ಕೆಲವರು ಬರುತ್ತಾರೆ, ಅಷ್ಟೇ. ನಾನು ಟಿಸಿಎಚ್‌ಗೆ ಹೋಗುವಾಗ ಅಕ್ಕ ಕರಿ ಉಣ್ಣೆಯನ್ನೇ ಆರಿಸಿ ಸಣ್ಣಗೆ ನೂತು, ಅಪ್ಪನ ಕೈಲಿ ಒಂದು ಕಂಬಳಿ ನೇಯಿಸಿ ಕೊಟ್ಟಿದ್ದಳು. ಅದು ಇನ್ನೂ ನನ್ನ ಹತ್ತಿರ ಇದೆ. ಮಳೆಗಾಲದಲ್ಲಿ ತೆಗೆದರೆ ಕುರಿ ಹಟ್ಟಿಯ ವಾಸನೆ ಹಾಗೇ ಬರುತ್ತದೆ.

ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಗೋಡೆಗೆ ಒರಗಿ ಕೂತು ನನ್ನ ಫೋನಲ್ಲಿ ಆ ಸಿನಿಮಾ ಹಾಕಿದೆವು. ಅಕ್ಕನಿಗೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣುತ್ತಿರಲಿಲ್ಲ. ಫೋನನ್ನು ಚೊಂಬಿಗೆ ಒರಗಿಸಿ ಹತ್ತಿರ ಇಟ್ಟೆ. ಅವಳು ಜಾಸ್ತಿ ಮಾತಾಡಲಿಲ್ಲ. ಒಂದು ಸಲ ಮಾತ್ರ, ‘ಎಷ್ಟು ಸಣ್ಣ ಕೂಸು ನೋಡೇ’ ಅಂದಳು. ಕೊನೆ ಬಂತು. ನಾನು ಈ ಸಲವೂ ಅತ್ತೆ. ಅವಳು ಈ ಸಲವೂ ಅಳಲಿಲ್ಲ.

ಮೂವತ್ತೈದು ವರ್ಷದಿಂದ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಊರಿನವರು, ನೆಂಟರು, ನಾವು ಎಲ್ಲರೂ ಅವಳನ್ನು ಹೊಗಳಿದ್ದೆವು. ಆ ಹುಡುಗಿ ಇಲ್ಲದಿದ್ದರೆ ಆ ಮನೆ ನಿಲ್ಲುತ್ತಿರಲಿಲ್ಲ ಅಂತ. ಒಬ್ಬರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

‘ಅಕ್ಕ, ಅವನಿಗೆ ಪುಸ್ತಕ ಬೇಕಿತ್ತು. ನಿಂಗೆ ಆಗ ಏನು ಬೇಕಿತ್ತು?’

ಅವಳು ‘ಬಿಡು ಅತ್ಲಾಗೆ, ಈಗ್ಯಾಕೆ ಅದೆಲ್ಲ’ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಯೋಚನೆ ಕೂಡ ಮಾಡಲಿಲ್ಲ. ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

‘ಫೋಟೋ’ ಅಂದಳು.

ನನಗೆ ತಿಳಿಯಲಿಲ್ಲ.

‘ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಕಣೇ. ಪರೀಕ್ಷೆಗೆ ಮುಂಚೆ ತೆಗೀತಾರಲ್ಲ. ಚಳ್ಳಕೆರೆಯಿಂದ ಫೋಟೋದವರು ಬಂದಿದ್ದರು. ನಾನು ಅವತ್ತು ಸಂತೆಗೆ ಕಂಬಳಿ ಹೊತ್ಕಂಡು ಹೋಗ್ತಿದ್ದೆ. ಶಾಲೆ ಕಾಂಪೌಂಡ್ ಆಚೆ ನಿಂತ್ಕಂಡು ನೋಡ್ದೆ. ಮುಂದೆ ಮೇಷ್ಟ್ರೆಲ್ಲ ಕುರ್ಚಿ ಮೇಲೆ. ನೆಲದಲ್ಲಿ ಸಣ್ಣೋರು. ನಮ್ಮೋರೆಲ್ಲ ಎರಡು ಜಡೆ ಹಾಕ್ಕಂಡು, ಟೇಪು ಕಟ್ಕಂಡು ಬಂದಿದ್ದರು.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಫೋನಿನ ದೀಪ ಆರಿತ್ತು. ಅವಳು ಗೋಡೆಯ ಕಡೆ ಕೈ ಎತ್ತಿ, ಅಲ್ಲೇ ಫೋಟೋ ತೂಗುಹಾಕಿದೆಯೇನೋ ಅನ್ನುವ ಹಾಗೆ ಬೆರಳಲ್ಲಿ ತೋರಿಸಿದಳು.

‘ಹಿಂದಿನ ಸಾಲು. ಬೆಂಚು ಹಾಕಿ ನಿಲ್ಲಿಸಿದ್ದರಲ್ಲ, ಅದು. ನನ್ನ ಎತ್ತರಕ್ಕೆ ಎಡಗಡೆಯಿಂದ ಎರಡನೇದು ನಾನು.’